ಗಾಡಿ ಕೀ ಇತ್ತ ಕೊಡಣ್ಣ

ಈರುಳ್ಳಿ ಸುಗ್ಗಿಯ ಅಜ್ಜಂಪುರ. ಸಂಜೆ ಏಳೂವರೆ. ಊರಿನ ಗಾಳಿಯಲ್ಲೇ ಹಸಿ ಈರುಳ್ಳಿಯ ಘಾಟಿದೆ. ಯಶವಂತಪುರದ ಮಂಡಿಗೆ ಹೊರಟ ಲಾರಿಗೆ ಹಮಾಲರು ಕೊನೆಯ ಚೀಲಗಳನ್ನು ಏರಿಸುತ್ತಿದ್ದಾರೆ. ಇವತ್ತು ಬಟವಾಡೆ. ವೈನ್ಸ್ ಅಂಗಡಿಯ ಕಬ್ಬಿಣದ ಜಾಲರಿಗಿರುವುದು ಒಂದೇ ಕಿಂಡಿ. ಅದರೊಳಗೆ ಒಂದೇ ಸಲಕ್ಕೆ ನಾಲ್ಕು ಕೈ ತೂರಿವೆ, ನಾಲ್ಕರಲ್ಲೂ ಮಡಚಿದ ನೋಟು. ಒಳಗಿನವನು ತಲೆ ಎತ್ತದೆ ಕೇಳುತ್ತಾನೆ, 'ಏನು, ನೈಂಟಿನಾ ಕ್ವಾರ್ಟರಾ?'

ಎದುರಿಗೆ ಬೈಕುಗಳ ಸಾಲು. ಹೆಚ್ಚಿನವು ತರೀಕೆರೆ ನೋಂದಣಿಯ ಕೆಎ 66, ನಡುನಡುವೆ ಚಿಕ್ಕಮಗಳೂರಿನ ಕೆಎ 18. ಹೆಲ್ಮೆಟ್ಟು ಕಾಣುವುದು ಒಂದೋ ಎರಡೋ, ಅವೂ ಕನ್ನಡಿಗೆ ನೇತುಹಾಕಿದವು. ಇಲ್ಲಿಂದ ಮುಂದೆ ಕಾಣುವ ಯಾರ ಹೆಸರನ್ನೂ ಬರೆಯುವುದಿಲ್ಲ. ಅಜ್ಜಂಪುರ, ತರೀಕೆರೆ, ಕಡೂರಿನ ಯಾವ ರಾತ್ರಿಯಲ್ಲಾದರೂ ಎದುರಾಗಬಹುದಾದ ಜನ ಇವರು. ಇವರ ಪೈಕಿ ಒಬ್ಬರಾದರೂ ನಮ್ಮ ನೆಂಟರಲ್ಲಿ, ನೆರೆಯವರಲ್ಲಿ ಇದ್ದೇ ಇರುತ್ತಾರೆ.

ಕಿಂಡಿಯಿಂದ ಕೈ ಈಚೆಗೆ ತೆಗೆದವನಿಗೆ ಮೂವತ್ತೈದರ ಆಸುಪಾಸು. ಶರ್ಟಿನ ಜೇಬಿನಲ್ಲಿ ಮಗಳಿಗೆಂದು ಕೊಂಡ ಸ್ಕೆಚ್ ಪೆನ್ನಿನ ಪ್ಯಾಕೆಟ್ಟಿದೆ. ಕೈಯಲ್ಲಿ ಕ್ವಾರ್ಟರ್. ಜೊತೆಗೆ ಅವನ ಚಿಕ್ಕಪ್ಪನ ಮಗ ಇದ್ದಾನೆ, ಅವನು ಕುಡಿಯುವುದಿಲ್ಲ. ಈ ಅಂಗಡಿಯದು ಸಿಎಲ್–2 ಸನ್ನದು. ಅದರಡಿ ಮದ್ಯ ಮಾರಬಹುದು, ಅಲ್ಲೇ ಕುಡಿಸುವಂತಿಲ್ಲ. ಹಾಗಾಗಿ ಕೊಂಡವರೆಲ್ಲ ಒಂದು ನೀರಿನ ಪ್ಯಾಕೆಟ್, ಒಂದು ಪ್ಲಾಸ್ಟಿಕ್ ಲೋಟ, ಹತ್ತು ರೂಪಾಯಿಯ ಖಾರ ಕಡ್ಲೆಬೀಜ ಹಿಡಿದು ಊರಾಚೆಗೆ ಹೊರಡುತ್ತಾರೆ. ಕೆರೆ ಏರಿ, ಮೋರಿ ಕಟ್ಟೆ, ತೋಟದ ಬೇಲಿ ಪಕ್ಕ ಕೂರುತ್ತಾರೆ. ಅಲ್ಲಿಗೆ ಹೋಗುವುದಕ್ಕೂ ಬೈಕೇ ಬೇಕು. ಕುಡಿದು ಎದ್ದಾಗ ಅಲ್ಲಿಗೆ ಬಸ್ಸೂ ಬರುವುದಿಲ್ಲ, ಆಟೋನೂ ಸಿಗುವುದಿಲ್ಲ. ಕುಡಿತಕ್ಕೂ ಗಾಡಿಗೂ ಇಲ್ಲಿ ಗಂಟು ಬೀಳುವುದು ಹೀಗೆ.

ಅವರ ಜೊತೆ ಮೋರಿ ಕಟ್ಟೆಯ ಮೇಲೆ ಕೂರೋಣ. ಕ್ವಾರ್ಟರ್ ಅಂದರೆ 180 ಮಿ.ಲೀ. ಅದರಲ್ಲಿ ಮದ್ಯಸಾರ ಶೇ 42.8, ತೂಕಕ್ಕಿಟ್ಟರೆ ಸುಮಾರು 60 ಗ್ರಾಂ. ಅರವತ್ತು ಕೆ.ಜಿ. ತೂಕದ ಆಳು ಅದನ್ನು ಅರ್ಧ ಗಂಟೆಯಲ್ಲಿ ಮುಗಿಸಿದರೆ, 100 ಮಿ.ಲೀ. ರಕ್ತದಲ್ಲಿ ಮದ್ಯಸಾರ ನೂರು ಮಿಲಿಗ್ರಾಂ ದಾಟುತ್ತದೆ. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಇಟ್ಟಿರುವ ಮಿತಿ 30 ಮಿಲಿಗ್ರಾಂ. ಕ್ವಾರ್ಟರಿನ ಅರ್ಧವಾದ ನೈಂಟಿ ಒಂದೇ ಹಾಕಿದವನೂ ಆ ಮಿತಿಯೊಳಗೆ ಉಳಿಯುವುದಿಲ್ಲ. 'ಬರೀ ಬಿಯರ್' ಅಂದವನದೂ ಅದೇ ಪಾಡು. ಸ್ಟ್ರಾಂಗ್ ಬಿಯರ್‌ನ ಒಂದು ದೊಡ್ಡ ಬಾಟಲಿಯಲ್ಲಿ ನೈಂಟಿಯಲ್ಲಿರುವುದಕ್ಕಿಂತ ಹೆಚ್ಚು ಮದ್ಯಸಾರ ಇರುತ್ತದೆ.

ಲೋಟ ಖಾಲಿಯಾಯಿತು. ಅವನು ಎದ್ದು ಲುಂಗಿ ಕೊಡವಿಕೊಂಡ. ಹೆಜ್ಜೆ ತಪ್ಪಲಿಲ್ಲ, ನಾಲಿಗೆ ತೊದಲಲಿಲ್ಲ. ನೋಡಿದವರು 'ಕುಡಿದಿದ್ದಾನೆ' ಎನ್ನುವಂತಿಲ್ಲ. ನಾವು ಮೋಸ ಹೋಗುವುದು ಇಲ್ಲೇ. ಕಾಲು ತಡವರಿಸುವ ಎಷ್ಟೋ ಮೊದಲೇ ಮದ್ಯ ವಿವೇಚನೆಯನ್ನು ಮಂಕಾಗಿಸಿರುತ್ತದೆ. 'ನನಗೇನೂ ಆಗಿಲ್ಲ' ಎಂದು ಅವನಿಂದ ಹೇಳಿಸುವುದೂ ಅದೇ ಮದ್ಯ.

'ಅಣ್ಣ, ಗಾಡಿ ಇಲ್ಲೇ ಬಿಡು. ನಾನು ಬಿಟ್ಟು ಬರ್ತೀನಿ.'

'ಯಾಕೋ? ಎಂಟು ಕಿಲೋಮೀಟ್ರು ಕಣೋ. ಈ ರೋಡು ಕಣ್ಮುಚ್ಚಿದ್ರೂ ಗೊತ್ತು ನಂಗೆ. ನೀನು ಹೋಗು, ಅಮ್ಮ ಕಾಯ್ತಿರ್ತಾಳೆ.'

ತಮ್ಮ ಇನ್ನೊಂದು ಸಲ ಹೇಳಲಿಲ್ಲ. ದೊಡ್ಡವನು, ದುಡಿಯುವವನು, ಮನೆಗೆ ಹಿರಿಮಗ. ಅವನ ಕೈಯಿಂದ ಕೀ ಕಿತ್ತುಕೊಂಡರೆ ಮರ್ಯಾದೆ ತೆಗೆದಂತಾಗುತ್ತದೆ ಎಂಬ ಅಳುಕು. ಕಿಕ್ಕರ್ ಒದ್ದ ಸದ್ದು. ಬೈಕು ಶಿವನಿ ಕಡೆಗೆ ಹೊರಟಿತು.

ಅವನ ಹಿಂದಿನ ಸೀಟಿನಲ್ಲಿ ಕೂತುಕೊಳ್ಳಿ. ಊರಿನ ಕೊನೆಯ ದೀಪ ದಾಟಿದರೆ ಕತ್ತಲು. ಎಡಬಲದಲ್ಲಿ ಈರುಳ್ಳಿ ಹೊಲ, ಆಮೇಲೆ ಅಡಿಕೆ, ತೆಂಗು. ಸ್ಪೀಡೋಮೀಟರ್ ಮುಳ್ಳು ಐವತ್ತರ ಮೇಲಿದೆ. ಐವತ್ತರ ವೇಗದಲ್ಲಿ ಬೈಕು ಸೆಕೆಂಡಿಗೆ ಸುಮಾರು 14 ಮೀಟರ್ ಓಡುತ್ತದೆ. ಎದುರಿಗೆ ಏನೋ ಕಂಡು, ಅದು ಏನೆಂದು ತಿಳಿದು, ಕೈ ಬ್ರೇಕ್ ಹಿಡಿಯುವುದಕ್ಕೆ ಕುಡಿಯದವನಿಗೂ ಒಂದು ಸೆಕೆಂಡಾದರೂ ಬೇಕು. ಇವನಿಗೆ ಅರ್ಧ ಸೆಕೆಂಡು ಹೆಚ್ಚಿಗೆ ಹಿಡಿದರೂ ಬೈಕು ಇನ್ನೂ ಏಳು ಮೀಟರ್ ಮುಂದೆ ಹೋಗಿರುತ್ತದೆ. ಎದುರಿನಿಂದ ಲಾರಿ ಬಂತು. ಅದರ ಹೈ ಬೀಮ್ ಕಣ್ಣಿಗೆ ಹೊಡೆಯಿತು. ಬೆಳಕು ದಾಟಿದ ಮೇಲೆ ಕಣ್ಣು ಮತ್ತೆ ಕತ್ತಲಿಗೆ ಹೊಂದಿಕೊಳ್ಳಬೇಕು. ಮದ್ಯ ಅದನ್ನೂ ತಡಮಾಡುತ್ತದೆ. ಆ ಗಳಿಗೆಯಲ್ಲಿ ಅವನಿಗೆ ಕಾಣುತ್ತಿರುವುದು ರಸ್ತೆಯ ನಡುಭಾಗ ಮಾತ್ರ. ಅಂಚಿನಲ್ಲಿ ಏನಿದೆಯೋ ಅದು ಅವನ ಪಾಲಿಗೆ ಇಲ್ಲ.

ಅಂಚಿನಲ್ಲಿ ಟ್ರ್ಯಾಕ್ಟರ್ ನಿಂತಿದೆ. ಟ್ರೇಲರ್ ತುಂಬ ಈರುಳ್ಳಿ ಚೀಲ. ಹಿಂದೆ ದೀಪವಿಲ್ಲ, ಕೆಂಪು ರಿಫ್ಲೆಕ್ಟರ್ ಇಲ್ಲ, ಚಕ್ರಕ್ಕೆ ಕಲ್ಲು ಕೊಟ್ಟು ಡ್ರೈವರ್ ಪಂಕ್ಚರ್ ಹಾಕುವವನನ್ನು ಹುಡುಕಿಕೊಂಡು ಹೋಗಿದ್ದಾನೆ. ಟ್ರೇಲರ್‌ನ ಮೂಲೆ ಕಣ್ಣಿಗೆ ಬೀಳುವ ಹೊತ್ತಿಗೆ ತೀರಾ ಹತ್ತಿರ ಬಂದಾಗಿದೆ. ಹ್ಯಾಂಡಲ್ ಬಲಕ್ಕೆ ಎಳೆದ. ಮೊಣಕೈ ಚೀಲಕ್ಕೆ ಉಜ್ಜಿತು. ಬೈಕು ರಸ್ತೆಯ ನಡುವಿಗೆ ಹಾರಿ, ತೂರಾಡಿ, ಮತ್ತೆ ನೆಟ್ಟಗಾಯಿತು. ಆ ಹೊತ್ತಿಗೆ ಎದುರಿನಿಂದ ಯಾರೂ ಬರುತ್ತಿರಲಿಲ್ಲ. ಅವನು ಉಳಿದದ್ದು ಅದೊಂದೇ ಕಾರಣಕ್ಕೆ.

ಮನೆ ಬಂತು. ಮಗಳು ಸ್ಕೆಚ್ ಪೆನ್ ಈಸಿಕೊಂಡು ಒಳಗೆ ಓಡಿದಳು. ನಾಳೆ ಇವನು ಈ ಕತೆಯನ್ನು ಗೆಳೆಯರಿಗೆ ನಕ್ಕೊಂಡು ಹೇಳುತ್ತಾನೆ. ಕುಡಿದು ಓಡಿಸಿದವರಲ್ಲಿ ಬಹುಪಾಲು ಜನ ಬಹುಪಾಲು ರಾತ್ರಿ ಹೀಗೆಯೇ ಮನೆ ಸೇರುತ್ತಾರೆ. ಒಂದೊಂದು ಸಲ ಸೇರಿದಾಗಲೂ 'ನಂಗೆ ಕಂಟ್ರೋಲ್ ಇದೆ' ಎಂಬ ಧೈರ್ಯ ಬೆಳೆಯುತ್ತದೆ. ಮೈಮೇಲೆ ಬರುವ ದಿನದವರೆಗೂ ಆ ಧೈರ್ಯವನ್ನು ಯಾವುದೂ ಅಲುಗಿಸುವುದಿಲ್ಲ.

ರಾತ್ರಿ ಹತ್ತು. ಈಗ ನಾವು ಕಡೂರಿನ ಹೊರವಲಯದಲ್ಲಿದ್ದೇವೆ. ತುಮಕೂರಿನಿಂದ ಅರಸೀಕೆರೆ, ಕಡೂರು, ಬೀರೂರು, ತರೀಕೆರೆ ಹಾದು ಭದ್ರಾವತಿ, ಶಿವಮೊಗ್ಗ, ಹೊನ್ನಾವರಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿ ಇದು. ಚಿಕ್ಕಮಗಳೂರಿನ ರಸ್ತೆಯೂ ಕಡೂರಿಗೇ ಬಂದು ಸೇರುತ್ತದೆ. ಬ್ಯಾರಿಕೇಡ್ ಹಳದಿ ದೀಪ ಮಿಟುಕಿಸುತ್ತಿದೆ. ರಿಫ್ಲೆಕ್ಟರ್ ಜಾಕೆಟ್ ಹಾಕಿದ ಪಿಎಸ್‌ಐ, ಇಬ್ಬರು ಕಾನ್‌ಸ್ಟೆಬಲ್‌ಗಳು. ಟಾರ್ಚ್ ಆಡಿಸಿ ಒಂದು ಕಾರು ನಿಲ್ಲಿಸಿದರು. ಕಿಟಕಿ ಇಳಿಯಿತು. ಏಲಕ್ಕಿ ಅಗಿಯುತ್ತಿರುವ ವಾಸನೆ ಬಂತು.

'ಎಲ್ಲಿಂದ ಬರ್ತಿದ್ದೀರಾ ಸಾರ್?'

'ಮದ್ವೆ ಊಟ ಇತ್ತು ಸಾರ್. ಇಲ್ಲೇ ಬೀರೂರು.'

'ಸ್ವಲ್ಪ ಊದಿ.'

ಅಂಗೈಯಗಲದ ಉಪಕರಣ. ಪ್ರತಿಯೊಬ್ಬರಿಗೂ ಹೊಸ ಕೊಳವೆ; ಪ್ಲಾಸ್ಟಿಕ್ ಹೊದಿಕೆ ಹರಿದು ಸಿಕ್ಕಿಸುತ್ತಾರೆ. ಆತ ಕೆನ್ನೆ ಉಬ್ಬಿಸಿ ಊದಿದಂತೆ ಮಾಡಿದ, ಗಾಳಿ ಒಳಗೆ ಹೋಗಲಿಲ್ಲ. ಉಪಕರಣ ಒಪ್ಪಲಿಲ್ಲ. 'ಜೋರಾಗಿ, ನಾನು ಹೇಳೋ ತನಕ ನಿಲ್ಲಿಸ್ಬೇಡಿ.' ಎರಡನೇ ಸಲ ಉಸಿರು ಪೂರಾ ಹೋಯಿತು. ಎದೆಯಾಳದಿಂದ ಬರುವ ಉಸಿರಿನಲ್ಲಿ ರಕ್ತದ ಮದ್ಯಸಾರದ ಪಾಲು ಇರುತ್ತದೆ. ಉಪಕರಣದ ಒಳಗಿನ ಸೆನ್ಸರ್ ಅದನ್ನು ವಿದ್ಯುತ್ತಾಗಿ ಬದಲಿಸಿ ಅಳೆಯುತ್ತದೆ. ಏಲಕ್ಕಿ, ಪಾನ್ ಮಸಾಲೆ, ಪುದೀನ ಮಾತ್ರೆ ಬಾಯಿಯ ವಾಸನೆಯನ್ನು ಮುಚ್ಚಿಯಾವು, ಪುಪ್ಪುಸದ ಉಸಿರನ್ನು ಬದಲಾಯಿಸಲಾರವು. ಪರದೆಯ ಮೇಲೆ ಅಂಕಿ ಏರುತ್ತಾ ಹೋಗಿ ನಿಂತಿತು: 86.

ಆತ ಫೋನ್ ತೆಗೆದ. ಯಾರೋ ದೊಡ್ಡವರಿಗೆ ಕರೆ ಹೋಗುತ್ತಿದೆ. 'ಸಾರ್, ಸ್ವಲ್ಪ ಮಾತಾಡಿ' ಎಂದು ಫೋನ್ ಚಾಚಿದ. ಪಿಎಸ್‌ಐ ತೆಗೆದುಕೊಳ್ಳಲಿಲ್ಲ. 'ಫೈನ್ ಇಲ್ಲೇ ಕಟ್ಬಿಡ್ತೀನಿ ಸಾರ್' ಎಂದ. ಅದಕ್ಕೂ ದಾರಿಯಿಲ್ಲ. ಹೆಲ್ಮೆಟ್ ಇಲ್ಲದ್ದಕ್ಕೆ, ಸೀಟ್ ಬೆಲ್ಟ್ ಹಾಕದ್ದಕ್ಕೆ ಸ್ಥಳದಲ್ಲೇ ದಂಡ ಕಟ್ಟಬಹುದು. ಕುಡಿದು ಓಡಿಸಿದ್ದು ಹಾಗೆ ಮುಗಿಯುವ ಪ್ರಕರಣವಲ್ಲ, ಕೋರ್ಟಿಗೇ ಹೋಗಬೇಕು. 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಮೊದಲ ಸಲ ಸಿಕ್ಕವರಿಗೆ ಆರು ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಎರಡನೇ ಸಲವಾದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ 15,000 ರೂಪಾಯಿ ದಂಡ, ಇಲ್ಲವೇ ಎರಡೂ. ಊದುವುದಿಲ್ಲ ಎಂದು ಹಟ ಹಿಡಿದರೆ ಆ ನಿರಾಕರಣೆಯೇ ವಿರುದ್ಧ ಸಾಕ್ಷಿಯಾಗುತ್ತದೆ.

'ಕುಡೀದೇ ಇರೋರು ಯಾರಾದ್ರೂ ಇದ್ರೆ ಕರ್ಸಿ, ಮನೆಯವ್ರನ್ನ ಕರ್ಕೊಂಡು ಹೋಗ್ಲಿ. ಕಾರು ಸ್ಟೇಷನ್ನಿಗೆ ಬರುತ್ತೆ.'

ಹಿಂದಿನ ಸೀಟಿನಲ್ಲಿ ಹೆಂಡತಿ, ಮಲಗಿದ ಮಗು, ರೇಷ್ಮೆ ಸೀರೆಯ ಅತ್ತೆ. ಅತ್ತೆ ಈಚೆಗೆ ಇಳಿದು ಸೆರಗು ಹೊದ್ದುಕೊಂಡು ರಸ್ತೆ ಬದಿಯಲ್ಲಿ ನಿಂತರು. 'ಊಟಕ್ಕೆ ಕೂತಾಗ್ಲೇ ನಂಗೆ ಗೊತ್ತಾಯ್ತು. ಅಳಿಯಂದ್ರಿಗೆ ಹೇಗೆ ಹೇಳೋದು ಅಂತ ಸುಮ್ನಾದೆ' ಎಂದರು ಯಾರಿಗೂ ಅಲ್ಲವೆನ್ನುವಂತೆ. ಮಹಿಳಾ ಕಾನ್‌ಸ್ಟೆಬಲ್ ಅವರಿಗೆ ಕುರ್ಚಿ ಕೊಟ್ಟರು.

ಈ ಬ್ಯಾರಿಕೇಡ್ ಇಲ್ಲದೆ ಹೋಗಿದ್ದರೆ ಆ ಮಗುವಿನ ಗತಿಯೇನು ಎಂದು ನೆನೆದರೆ ಎದೆ ನಡುಗುತ್ತದೆ. ಆದರೂ ಒಂದು ಮಾತು ಗಮನಿಸಿ. ಪೊಲೀಸರು ನಿಂತಿರುವುದು ಹೆದ್ದಾರಿಯಲ್ಲಿ. ಯಗಟಿ, ಪಂಚನಹಳ್ಳಿ, ಸಿಂಗಟಗೆರೆ, ಹಿರೇನಲ್ಲೂರಿನ ಒಳದಾರಿಗಳಲ್ಲಿ ಈ ಹೊತ್ತಿಗೆ ಮನೆ ಕಡೆ ಹೊರಟ ಬೈಕುಗಳನ್ನು ನಿಲ್ಲಿಸಿ ಊದಿಸುವವರು ಯಾರೂ ಇಲ್ಲ. ಮೂರು ತಾಲ್ಲೂಕಿನ ಅಷ್ಟೂ ಹಳ್ಳಿಗಳ ಅಷ್ಟೂ ತಿರುವುಗಳಲ್ಲಿ ಪೊಲೀಸರನ್ನು ನಿಲ್ಲಿಸಲು ಯಾವ ಸರ್ಕಾರಕ್ಕೂ ಆಗುವುದಿಲ್ಲ.

ಮದ್ಯದಂಗಡಿಯನ್ನೇ ಹೆದ್ದಾರಿಯಿಂದ ದೂರ ಇಡುವ ಪ್ರಯತ್ನವೂ ನಡೆದಿದೆ. 2016ರ ಡಿಸೆಂಬರ್ 15ರಂದು ಸುಪ್ರೀಂ ಕೋರ್ಟ್ ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳಿಂದ 500 ಮೀಟರ್ ಒಳಗೆ ಮದ್ಯ ಮಾರಾಟ ಬೇಡವೆಂದಿತು. 2017ರ ಮಾರ್ಚ್ ಕೊನೆಯಲ್ಲಿ, 20,000ಕ್ಕಿಂತ ಹೆಚ್ಚು ಜನಸಂಖ್ಯೆ ಇಲ್ಲದ ಊರುಗಳಿಗೆ ಆ ಅಂತರ 220 ಮೀಟರ್‌ಗೆ ಇಳಿಯಿತು. ಅದೇ ವರ್ಷದ ಜುಲೈನಲ್ಲಿ, ನಗರಾಡಳಿತ ಸಂಸ್ಥೆಗಳ ವ್ಯಾಪ್ತಿಗೆ ಈ ನಿರ್ಬಂಧ ಅಡ್ಡಿಯಲ್ಲ ಎಂಬ ಸ್ಪಷ್ಟನೆ ಬಂತು. ಕಡೂರು, ಬೀರೂರು, ತರೀಕೆರೆ ಮೂರೂ ಪುರಸಭೆಗಳು. ಹೆದ್ದಾರಿ ಹಾದುಬಂದ ಊರುಗಳು. ನ್ಯಾಯಾಲಯದ ಕಾಳಜಿ ದೊಡ್ಡದೇ. ಆದರೆ ಗಾಡಿ ಇರುವವನಿಗೆ 220 ಮೀಟರ್ ದೂರವೇ?

ರಾತ್ರಿ ಹನ್ನೆರಡು ದಾಟಿದೆ. ತರೀಕೆರೆ ಕಡೆಗೆ ಬನ್ನಿ. 108 ಆಂಬುಲೆನ್ಸ್ ತಾಲ್ಲೂಕು ಆಸ್ಪತ್ರೆಯ ಬಾಗಿಲಿಗೆ ಹಿಮ್ಮುಖವಾಗಿ ಬಂದು ನಿಂತಿತು. 2008ರ ನವೆಂಬರ್ 1ರಂದು ಈ ಸೇವೆ ರಾಜ್ಯದಲ್ಲಿ ಶುರುವಾದ ಮೇಲೆ ಇಂಥ ಎಷ್ಟು ರಾತ್ರಿಗಳನ್ನು ಇದರ ಸಿಬ್ಬಂದಿ ಕಂಡಿದ್ದಾರೋ. ಸ್ಟ್ರೆಚರ್ ಮೇಲೆ ಇಬ್ಬರು. ಒಬ್ಬ ಬೈಕ್ ಓಡಿಸುತ್ತಿದ್ದ ಹುಡುಗ, ಇಪ್ಪತ್ತೆರಡೋ ಇಪ್ಪತ್ಮೂರೋ. ಇನ್ನೊಬ್ಬರು ಅರವತ್ತು ದಾಟಿದ ಹಿರಿಯರು. ಪಕ್ಕದೂರಿನಲ್ಲಿ ತಿಥಿ ಊಟ ಮುಗಿಸಿ, ಟಾರ್ಚ್ ಹಿಡಿದು ರಸ್ತೆ ಅಂಚಿನಲ್ಲಿ ನಡೆದು ಬರುತ್ತಿದ್ದವರು. ಅವರು ಹನಿಯೂ ಕುಡಿದವರಲ್ಲ. ಟಾರ್ಚ್ ಇನ್ನೂ ಅವರ ಪಂಚೆಯ ಮಡಿಕೆಯಲ್ಲಿ ಸಿಕ್ಕಿಕೊಂಡು ಉರಿಯುತ್ತಿದೆ.

ಡ್ಯೂಟಿ ಡಾಕ್ಟರ್ ಮೊದಲು ಹಿರಿಯರ ಕಣ್ಣಿಗೆ ಬೆಳಕು ಬಿಟ್ಟು ನೋಡಿದರು. ಒಂದು ಪಾಪೆ ಕುಗ್ಗಿತು, ಇನ್ನೊಂದು ಕುಗ್ಗಲಿಲ್ಲ. ತಲೆಯೊಳಗೆ ರಕ್ತ ಸೋರುತ್ತಿರುವ ಗುರುತು. 'ಶಿವಮೊಗ್ಗಕ್ಕೆ, ಮೆಗ್ಗಾನ್ ಆಸ್ಪತ್ರೆಗೆ. ಈಗಲೇ.' ಆಕ್ಸಿಜನ್ ಮಾಸ್ಕ್, ಕುತ್ತಿಗೆಗೆ ಕಾಲರ್, ಕೈಗೆ ಡ್ರಿಪ್. ಹಿರಿಯರ ಮಗ ಚಪ್ಪಲಿ ಇಲ್ಲದೆ ಓಡಿ ಬಂದಿದ್ದಾನೆ. 'ಡಾಕ್ಟ್ರೇ, ಅಪ್ಪ ಮಾತಾಡ್ತಿಲ್ಲ...' ಆಂಬುಲೆನ್ಸ್ ಭದ್ರಾವತಿ ದಾರಿ ಹಿಡಿಯಿತು.

ಇನ್ನು ಹುಡುಗನ ಹತ್ತಿರ ಬನ್ನಿ. ಬಾಯಿಯಿಂದ ಮದ್ಯದ ವಾಸನೆ ಬರುತ್ತಿದೆ. ಡಾಕ್ಟರ್ ಪೊಲೀಸ್ ಪ್ರಕರಣಗಳನ್ನು ದಾಖಲಿಸುವ ಎಂಎಲ್‌ಸಿ ರಿಜಿಸ್ಟರ್ ತೆಗೆದು ಬರೆಯುತ್ತಿದ್ದಾರೆ. ನರ್ಸಮ್ಮ ರಕ್ತ ತೆಗೆಯಲು ತೋಳಿಗೆ ಪಟ್ಟಿ ಕಟ್ಟಿದರು. ಎಂದಿನಂತೆ ಸ್ಪಿರಿಟ್ ಹತ್ತಿಯಿಂದ ಚರ್ಮ ಒರೆಸಲಿಲ್ಲ, ಸೋಪು ನೀರಿನಿಂದ ಒರೆಸಿದರು. ಸ್ಪಿರಿಟ್ ಕೂಡ ಮದ್ಯಸಾರವೇ. ಅದು ಸೂಜಿಗೆ ತಗುಲಿದರೆ 'ಲೆಕ್ಕ ತಪ್ಪಿದೆ' ಎಂದು ನಾಳೆ ಕೋರ್ಟಿನಲ್ಲಿ ವಾದ ಹುಟ್ಟುತ್ತದೆ. ರಕ್ತವನ್ನು ಬೂದು ಮುಚ್ಚಳದ ಟ್ಯೂಬಿಗೆ ತುಂಬಿ ನಾಲ್ಕೈದು ಸಲ ಮೆಲ್ಲಗೆ ಮಗುಚಿದರು. ಅದರ ತಳದಲ್ಲಿರುವ ಸೋಡಿಯಂ ಫ್ಲೋರೈಡ್ ರಕ್ತ ಕೆಡದಂತೆ, ಮದ್ಯಸಾರದ ಪ್ರಮಾಣ ಬದಲಾಗದಂತೆ ಕಾಯುತ್ತದೆ. ಸೀಲು, ಸಹಿ, ಸಮಯ. ಈ ಟ್ಯೂಬು ಪೊಲೀಸರ ಕೈ ಸೇರಿ ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗಬೇಕು.

ಎಲ್ಲ ರಾತ್ರಿಯೂ ಇಷ್ಟು ಅಚ್ಚುಕಟ್ಟಾಗಿ ಸಾಗುವುದಿಲ್ಲ. ಗಾಯಾಳುವಿನ ಉಸಿರು ಉಳಿಸುವ ಗಡಿಬಿಡಿಯಲ್ಲಿ ರಕ್ತದ ಮಾದರಿ ತೆಗೆಯಲು ಹೊತ್ತೆಲ್ಲಿ? ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ಗಂಟೆಗಳು ಕಳೆಯುತ್ತವೆ, ರಕ್ತದ ಮದ್ಯಸಾರ ಇಳಿಯುತ್ತಾ ಹೋಗುತ್ತದೆ. ಸತ್ತವನು ಓಡಿಸುತ್ತಿದ್ದವನೇ ಆಗಿದ್ದರೆ, 'ಹೋದವನ ಮೇಲೆ ಯಾಕೆ ಕಳಂಕ, ಇನ್ಶೂರೆನ್ಸ್ ಬೇರೆ ತಪ್ಪುತ್ತೆ' ಎಂದು ಊರವರೇ ಬಾಯಿ ಮುಚ್ಚುತ್ತಾರೆ. ಕೊನೆಗೆ ಎಫ್‌ಐಆರ್‌ನಲ್ಲಿ ಉಳಿಯುವುದು 'ಅತಿವೇಗ ಮತ್ತು ಅಜಾಗರೂಕತೆ' ಎಂಬ ಸಾಲು. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅದರಲ್ಲಿ ಮದ್ಯ ಅಥವಾ ಮಾದಕ ವಸ್ತುವಿನ ಲೆಕ್ಕಕ್ಕೆ ಬಂದದ್ದು ನಾಲ್ಕು ಸಾವಿರ ಚಿಲ್ಲರೆ. ಅತಿವೇಗದ ಲೆಕ್ಕಕ್ಕೆ ಹೋದದ್ದು ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು. ಆ ವೇಗದ ಹಿಂದೆ ಎಷ್ಟು ಕ್ವಾರ್ಟರ್ ಇದ್ದವು ಎಂಬುದನ್ನು ಯಾರೂ ಅಳೆದಿಲ್ಲ. ಅಳೆಯದೆ ಹೋದದ್ದನ್ನು ಇಲ್ಲವೆಂದು ತಿಳಿದರೆ ನಮ್ಮನ್ನು ನಾವೇ ವಂಚಿಸಿಕೊಂಡಂತೆ. ತುರ್ತು ಚಿಕಿತ್ಸೆಯ ಕೋಣೆಯಲ್ಲಿ ರಾತ್ರಿಪಾಳಿ ಮಾಡಿದ ಯಾವ ನರ್ಸಮ್ಮನನ್ನಾದರೂ ಕೇಳಿ.

'ಬೈಕ್ ತಾನೇ, ಬಿದ್ರೆ ನಾನೊಬ್ನೇ ಸಾಯ್ತೀನಿ' ಎನ್ನುವವರಿದ್ದಾರೆ. ತಿಥಿ ಊಟ ಮುಗಿಸಿ ಬರುತ್ತಿದ್ದ ಆ ಹಿರಿಯರು ಮಾಡಿದ ತಪ್ಪೇನು? ಕರ್ನೂಲಿನ ಹತ್ತಿರ 2025ರ ಅಕ್ಟೋಬರ್ 24ರ ನಸುಕಿನಲ್ಲಿ ಆದದ್ದನ್ನೂ ನೆನಪಿಸಿಕೊಳ್ಳಿ. ಬೈಕ್ ಸವಾರನೊಬ್ಬ ಡಿವೈಡರ್‌ಗೆ ಹೊಡೆದು ಸತ್ತ. ಅವನು ಕುಡಿದಿದ್ದನೆಂದು ವಿಧಿವಿಜ್ಞಾನ ಪರೀಕ್ಷೆ ಆಮೇಲೆ ಹೇಳಿತು. ರಸ್ತೆ ಮೇಲೆ ಬಿದ್ದಿದ್ದ ಅವನ ಬೈಕಿನ ಮೇಲೆ ಹೈದರಾಬಾದ್‌ನಿಂದ ಬೆಂಗಳೂರಿಗೆ ಬರುತ್ತಿದ್ದ ಸ್ಲೀಪರ್ ಬಸ್ ಹರಿಯಿತು. ಬೈಕನ್ನು ಎಳೆದುಕೊಂಡು ಹೋದ ಬಸ್ಸಿಗೆ ಬೆಂಕಿ ಹತ್ತಿ ನಿದ್ದೆಯಲ್ಲಿದ್ದ 19 ಪ್ರಯಾಣಿಕರು ಸುಟ್ಟು ಹೋದರು. ಬಸ್ಸಿನ ಕಡೆಯ ಲೋಪಗಳು ಬೇರೆ ವಿಚಾರ. ಆ ಬೈಕು ಆ ಹೊತ್ತಿನಲ್ಲಿ ಅಲ್ಲಿ ಬಿದ್ದಿರಬೇಕಾಗಿರಲಿಲ್ಲ ಎಂಬುದಂತೂ ನಿಜ.

ಬೆಳಗಿನ ಐದೂವರೆ. ಲಿಂಗದಹಳ್ಳಿ ದಾರಿಯಲ್ಲಿ ಮಂಜು ಕವಿದಿದೆ. ಅಡಿಕೆ ಕೊಯ್ಲಿಗೆ ಹೋಗುವ ಹೆಣ್ಣಾಳು ಗಂಡಾಳುಗಳು ಗೂಡ್ಸ್ ಗಾಡಿಯ ಹಿಂಬದಿಯಲ್ಲಿ ಬುತ್ತಿ ಹಿಡಿದು ಒತ್ತಾಗಿ ನಿಂತಿದ್ದಾರೆ. ಓಡಿಸುವವನು ಮುಖ ತೊಳೆದಿದ್ದಾನೆ, ವಿಭೂತಿ ಇಟ್ಟಿದ್ದಾನೆ, ಒಂದು ಲೋಟ ಕಾಫಿ ಕುಡಿದಿದ್ದಾನೆ. ನಿನ್ನೆ ರಾತ್ರಿ ಹನ್ನೊಂದೂವರೆ ತನಕ ಕೂತು ಒಂದೂವರೆ ಕ್ವಾರ್ಟರ್ ಮುಗಿಸಿ ಮಲಗಿದವನು. ಈಗ ಅವನ ಪಾಲಿಗೆ ಅದು 'ನಿನ್ನೆಯ ಕುಡಿತ'. ದೇಹದ ಲೆಕ್ಕ ಬೇರೆ. ನಮ್ಮ ಯಕೃತ್ತು ಗಂಟೆಗೆ 100 ಮಿ.ಲೀ. ರಕ್ತದಿಂದ ಸುಮಾರು 15 ಮಿಲಿಗ್ರಾಂ ಮದ್ಯಸಾರವನ್ನಷ್ಟೇ ಕರಗಿಸುತ್ತದೆ. ಅದಕ್ಕಿಂತ ಬೇಗ ಮಾಡಿಸುವ ಮದ್ದು ಯಾವುದೂ ಇಲ್ಲ. ಕಾಫಿ ನಿದ್ದೆ ಓಡಿಸುತ್ತದೆ, ಮಜ್ಜಿಗೆ ಹೊಟ್ಟೆ ತಣಿಸುತ್ತದೆ, ನಿಂಬೆಹಣ್ಣು ಬಾಯಿ ಶುಚಿ ಮಾಡುತ್ತದೆ, ತಣ್ಣೀರು ತಲೆಗೆ ಹಿತ ಕೊಡುತ್ತದೆ. ರಕ್ತದಲ್ಲಿರುವುದು ರಕ್ತದಲ್ಲೇ ಇರುತ್ತದೆ. ಸ್ಟಿಯರಿಂಗ್ ಹಿಡಿದಿರುವ ಈ ಗಳಿಗೆಯಲ್ಲಿ ಇವನು ಕಾನೂನಿನ ಮಿತಿಗಿಂತ ಎರಡು ಮೂರು ಪಟ್ಟು ಮೇಲಿರಬಹುದು. ಹಿಂದೆ ನಿಂತ ಹದಿನೈದು ಜೀವಗಳಿಗೆ ಅದು ಗೊತ್ತಿಲ್ಲ.

ಹನ್ನೊಂದು ಗಂಟೆ. ಕೋರ್ಟ್ ಆವರಣ. ಹೊಂಗೆ ಮರದ ಕೆಳಗೆ ಡ್ರಿಂಕ್ ಅಂಡ್ ಡ್ರೈವ್ ಪ್ರಕರಣದವರು ಕರೆಗಾಗಿ ಕಾದಿದ್ದಾರೆ. ರಾತ್ರಿಯ ಗತ್ತು ಯಾರ ಮುಖದಲ್ಲೂ ಇಲ್ಲ. ಒಬ್ಬ ಕೂಲಿಯಾಳು ಹೆಂಡತಿಯ ಸಂಘದ ದುಡ್ಡನ್ನು ಕರ್ಚೀಫಿನಲ್ಲಿ ಕಟ್ಟಿ ತಂದಿದ್ದಾನೆ. ಹತ್ತು ಸಾವಿರವೆಂದರೆ ಅವನಿಗೆ ಎಷ್ಟೋ ವಾರಗಳ ದುಡಿಮೆ. ಲೈಸೆನ್ಸ್ ಅಮಾನತಿಗೆ ಆರ್‌ಟಿಒಗೆ ಬೇರೆ ಪತ್ರ ಹೋಗುತ್ತದೆ. ಆದರೂ ಇಲ್ಲಿ ನಿಂತವರು ಪುಣ್ಯವಂತರು. ಇವರು ಯಾರನ್ನೂ ಕೊಲ್ಲಲಿಲ್ಲ.

ಕೊಂದವರ ದಾರಿ ಬೇರೆ. ಅಜಾಗರೂಕತೆಯಿಂದ ಸಾವು ತಂದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್‌ನಂತೆ ಐದು ವರ್ಷದವರೆಗೆ ಶಿಕ್ಷೆ. ಹಳೆಯ ದಂಡ ಸಂಹಿತೆಯಲ್ಲಿ ಅದು ಎರಡು ವರ್ಷ ಇತ್ತು. ಕುಡಿದು ಓಡಿಸಿದರೆ ಜೀವ ಹೋಗಬಹುದೆಂಬ ಅರಿವಿದ್ದೂ ಓಡಿಸಿದ ಎಂದು ಸಾಬೀತಾದರೆ ಅದು ಬರೀ ಅಜಾಗರೂಕತೆ ಎನಿಸುವುದಿಲ್ಲ, ಕೊಲೆಯಲ್ಲದ ನರಹತ್ಯೆ. ಮುಂಬೈಯ ಬಾಂದ್ರಾದಲ್ಲಿ 2006ರಲ್ಲಿ ಪಾದಚಾರಿ ಮಾರ್ಗದಲ್ಲಿ ಮಲಗಿದ್ದ ಏಳು ಕೂಲಿಕಾರರು ಕಾರಿನಡಿ ಸತ್ತ ಅಲಿಸ್ಟರ್ ಪರೇರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2012ರಲ್ಲಿ ಎತ್ತಿಹಿಡಿದದ್ದು ಆ ನರಹತ್ಯೆಯ ಶಿಕ್ಷೆಯನ್ನೇ. ವಿಮೆಯೂ ಕೈ ಹಿಡಿಯುವುದಿಲ್ಲ. ಕುಡಿದು ಜಖಂ ಮಾಡಿದ ಗಾಡಿಗೆ ಪರಿಹಾರ ಕೊಡಬೇಕಿಲ್ಲ ಎಂಬ ವಿಮಾ ಕಂಪನಿಯ ವಾದವನ್ನು ಸುಪ್ರೀಂ ಕೋರ್ಟ್ 2021ರಲ್ಲಿ ಒಪ್ಪಿದೆ.

ಇಷ್ಟೆಲ್ಲ ಶಿಕ್ಷೆ ಇದ್ದರೂ ಕಾನೂನು ಬರುವುದು ಗಾಡಿ ಹೊರಟ ಮೇಲೆ, ಆಂಬುಲೆನ್ಸ್ ಬರುವುದು ಗಾಡಿ ಬಿದ್ದ ಮೇಲೆ. ಗಾಡಿ ಹೊರಡುವ ಮೊದಲು ಅಲ್ಲಿರುವವರು ನಾವು ಮಾತ್ರ. ಅಣ್ಣನ ಪಕ್ಕ ಕೂತ ತಮ್ಮ, ಅಳಿಯನನ್ನು ಕಂಡೂ ಸುಮ್ಮನಾದ ಅತ್ತೆ, ಕೊಯ್ಲಿನ ಗಾಡಿ ಗೊತ್ತುಮಾಡಿದ ತೋಟದ ಯಜಮಾನ, ಕಿಂಡಿಯಿಂದ ಬಾಟಲಿ ಚಾಚಿದ ಅಂಗಡಿಯವನು. ಇವರೆಲ್ಲರಿಗೂ ಗೊತ್ತಿತ್ತು. ಎಲ್ಲರೂ ಮರ್ಯಾದೆಗೆ ಅಂಜಿ ಬಾಯಿ ಬಿಡಲಿಲ್ಲ.

ಸರ್ಕಾರದ ಹೊಣೆಯನ್ನೂ ಮರೆಯುವಂತಿಲ್ಲ. 2025–26ರ ಬಜೆಟ್ಟಿನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಬರಲೆಂದು ಗುರಿ ಇಟ್ಟ ರಾಜ್ಯ, ಆ ದುಡ್ಡಿನಲ್ಲಿ ಒಂದಿಷ್ಟನ್ನು ರಾತ್ರಿ ಬಸ್ಸಿಗೆ, ಹಳ್ಳಿ ದಾರಿಯ ತಪಾಸಣೆಗೆ, ಗಾಯಾಳುಗಳೆಲ್ಲರ ರಕ್ತ ಪರೀಕ್ಷೆಗೆ ಇಡಲೇಬೇಕು. 2007ರ ಜುಲೈ 1ರಂದು ಈ ರಾಜ್ಯದಲ್ಲಿ ಸಾರಾಯಿ ನಿಂತಿತು. ಅದಕ್ಕಾಗಿ ವರ್ಷಗಟ್ಟಲೆ ಹಳ್ಳಿ ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಬೀದಿಗಿಳಿದಿದ್ದರು. ಅವರು ಆಗ ಅಂಗಡಿ ಮುಂದೆ ನಿಂತು ಆಡಿದ ಮಾತನ್ನು ಈಗ ನಾವು ನಮ್ಮ ಮನೆ ಜಗುಲಿಯಲ್ಲಿ ಆಡಬೇಕಾಗಿದೆ.

ಅದು ಆಗದ ಕೆಲಸವೇನಲ್ಲ. ಬಾಡೂಟ ಹಾಕಿಸುವ ಯಜಮಾನ ಬಂದವರ ಕೀಯನ್ನು ಚಪ್ಪರದ ಬಾಗಿಲಲ್ಲೇ ಈಸಿಕೊಂಡು ಬುಟ್ಟಿಗೆ ಹಾಕಲಿ; ಹೊರಡುವಾಗ ಕುಡಿಯದವರ ಕೈಗೆ ಮಾತ್ರ ಕೊಡಲಿ, ಉಳಿದವರಿಗೆ ಚಾಪೆ ಹಾಸಲಿ. ಜಾತ್ರೆಗೆ ಹೋಗುವ ಗುಂಪು ಹೊರಡುವ ಮೊದಲೇ 'ಇವತ್ತು ಕುಡಿಯದೆ ಓಡಿಸುವವನು ಇವನು' ಎಂದು ಒಬ್ಬನನ್ನು ಗೊತ್ತುಮಾಡಲಿ. ಕೂಲಿ ಗಾಡಿಯ ಡ್ರೈವರ್ ರಾತ್ರಿ ಕುಡಿದಿದ್ದರೆ ಬೆಳಗಿನ ಬಾಡಿಗೆಯನ್ನು ಬೇರೆಯವರಿಗೆ ಬಿಡಲಿ. ಗ್ರಾಮಸಭೆಯಲ್ಲಿ ಬೀದಿದೀಪದ ಜೊತೆಗೆ ಈ ಮಾತೂ ಬರಲಿ. ರಸ್ತೆಯಲ್ಲಿ ಬಿದ್ದವರನ್ನು ಕಂಡರೆ ಹೆದರದೆ ಆಸ್ಪತ್ರೆಗೆ ಸೇರಿಸಿ; ನೆರವಾದವರನ್ನು ಪೊಲೀಸರು ಸತಾಯಿಸದಂತೆ ಮೋಟಾರು ವಾಹನ ಕಾಯ್ದೆಯ 134ಎ ಸೆಕ್ಷನ್ ರಕ್ಷಣೆ ಕೊಡುತ್ತದೆ.

ಎಲ್ಲಕ್ಕಿಂತ ಮೊದಲು, ಕುಡಿದವನು ಜೇಬಿಗೆ ಕೈ ಹಾಕಿದಾಗ ಅವನೆದುರು ಕೈ ಚಾಚಿ ನಿಲ್ಲಿ. ಬೈಸಿಕೊಳ್ಳಬೇಕಾದೀತು. 'ನೀನ್ಯಾವನೋ ಹೇಳೋಕೆ' ಎಂದಾನು. ಎರಡು ದಿನ ಮಾತು ಬಿಟ್ಟಾನು. ಮೂರನೇ ದಿನ ಮಾತಾಡಲು ಅವನು ಇರುತ್ತಾನಲ್ಲ, ಅಷ್ಟು ಸಾಕು. ಒಂದು ಸಲ ಹೇಳಿ ಸುಮ್ಮನಾಗಬೇಡಿ. ಕೀ ನಿಮ್ಮ ಕೈಗೆ ಬರುವವರೆಗೂ ಕೇಳಿ.